ಖಾಲಿ ಕೊಂಬೆ

ಗುಡ್ಡದ ಬಸ್ಸು ಗುಡ್ಡದವರೆಗೆ ಹೋಗುತ್ತಿರಲಿಲ್ಲ.

ಮೈಸೂರಿನ ಸಿಟಿ ಬಸ್ ನಿಲ್ದಾಣದಿಂದ ಹೊರಟು, ಬಡಾವಣೆಗಳನ್ನೆಲ್ಲ ಒಂದೊಂದಾಗಿ ಹಿಂದೆ ಬಿಟ್ಟು, ಹುಣಸೆಮರವೊಂದಕ್ಕೆ ಸುತ್ತು ಹಾಕಿ ಅದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಕಾಲುದಾರಿ. ಕಾಲುದಾರಿಯ ಕೊನೆಗೆ ತೊಟ್ಟಿಲುಗುಡ್ಡ.

ಭಾನುವಾರದ ಮೊದಲ ಟ್ರಿಪ್ಪಿನಲ್ಲಿ ತಪ್ಪದೆ ಬರುತ್ತಿದ್ದವರು ಇಬ್ಬರು. ಒಬ್ಬರು ಭಾಗೀರಥಿಬಾಯಿ, ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು, ಬಸ್ಸಿನ ಕಂಡಕ್ಟರ್ ಕೂಡ. ಇನ್ನೊಬ್ಬ ತಿಪ್ಪೇಶ. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ.

ತಿಪ್ಪೇಶ ಅವರ ಶಾಲೆಯಲ್ಲಿ ಓದಿದವನಲ್ಲ. ಒಂದು ಭಾನುವಾರ ಬಸ್ಸಿನಲ್ಲಿ ನಿದ್ದೆ ಹೋಗಿ, ಇಳಿಯಬೇಕಾದಲ್ಲಿ ಇಳಿಯದೆ ಕೊನೆಯ ಸ್ಟಾಪಿಗೆ ಬಂದುಬಿಟ್ಟಿದ್ದ. ಕಣ್ಣು ಬಿಟ್ಟಾಗ ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ವಯಸ್ಸಾದ ಹೆಂಗಸೊಬ್ಬರು ಎದುರಿಗೆ ನಿಂತಿದ್ದರು.

“ಇದು ಕೊನೆ ಸ್ಟಾಪು,” ಎಂದರು.

“ತಪ್ಪಿ ಬಂದುಬಿಟ್ಟೆ ಅಮ್ಮಾ.”

“ಡ್ರೈವರು ತಿಂಡಿಗೆ ಹೋಗಿದಾರೆ. ಬಸ್ಸು ಹೊರಡೋಕೆ ಇನ್ನೂ ಹೊತ್ತಿದೆ. ಇಲ್ಲೇ ಕೂತು ಸೊಳ್ಳೆ ಹೊಡೀತೀಯೋ, ಬಂದು ಹಕ್ಕಿ ನೋಡ್ತೀಯೋ?”

ಅವನು ಹಕ್ಕಿ ನೋಡಲು ಹೋದ. ವಾಪಸ್ ಹೋಗುವ ಬಸ್ಸು ಆ ದಿನ ಅವನಿಲ್ಲದೆ ಹೋಯಿತು.

ಮರುವಾರ ಅವನು ಬೇಕೆಂದೇ ಕೊನೆಯ ಸ್ಟಾಪಿಗೆ ಬಂದ. ಆಮೇಲೆ ಬರುತ್ತಲೇ ಇದ್ದ.

ಮೊದಮೊದಲು ಅವನಿಗೆ ಬರೀ ಹೆಸರಿನ ಹಂಬಲ.

“ಅದು ಯಾವ ಹಕ್ಕಿ ಟೀಚರ್?”

“ಏನು ಮಾಡ್ತಿದೆ ಅದು?”

“ಗೊತ್ತಿಲ್ಲ. ಕೂತಿದೆ.”

“ಹೇಗೆ ಕೂತಿದೆ?”

ಅವನು ನೋಡಿದ. ಹಕ್ಕಿ ತಂತಿಯ ಮೇಲೆ ಕೂತು ಬಾಲವನ್ನು ಮೆಲ್ಲಗೆ ಕೆಳಕ್ಕೆ ಒತ್ತುತ್ತಿತ್ತು, ಹಳೆಯ ಕೈಪಂಪನ್ನು ಯಾರೋ ಒತ್ತಿದ ಹಾಗೆ. ಹಾಗೆಂದು ಹೇಳಿದ.

“ಸರಿ. ಹೆಸರು ಊಟ ಆದಮೇಲೆ ಹೇಳ್ತೀನಿ.”

ಊಟವಾದ ಮೇಲೆ ಅವನು ಹೆಸರು ಕೇಳುವುದನ್ನೇ ಮರೆತಿದ್ದ. ಟೀಚರ್ ನಗುತ್ತ ಡಬ್ಬಿಯ ಮುಚ್ಚಳ ಹಾಕಿದರು.

ಒಂದು ಸಲ ಬಸ್ಸು ಬಹಳ ತಡವಾಯಿತು. ನಿಲ್ದಾಣದ ಕಲ್ಲುಬೆಂಚು ತಣ್ಣಗಿತ್ತು. ತಿಪ್ಪೇಶ ಚಡಪಡಿಸಿದ.

“ಟೀಚರ್, ನಮ್ಮ ಅಂಗಡಿ ಯಜಮಾನರ ಕಾರು ಭಾನುವಾರ ಸುಮ್ಮನೆ ನಿಂತಿರತ್ತೆ. ಕೇಳಿದರೆ ಕೊಡ್ತಾರೆ. ಗುಡ್ಡದ ಬುಡಕ್ಕೇ ಹೋಗಿ ಇಳೀಬಹುದು.”

“ಹೋಗಿ?”

“ಹೋಗಿ ಹಕ್ಕಿ ನೋಡಬಹುದು.”

“ನೀನು ಬಂದೆ ಅಂತ ಹಕ್ಕಿ ಅಲ್ಲಿ ಕೂತಿರತ್ತಾ?”

“ಇಲ್ಲ. ಕಾಯಬೇಕು.”

“ಹಾಗಾದರೆ ಕಾಯೋದನ್ನ ಇಲ್ಲೇ ಶುರುಮಾಡು.”

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಟೀಚರ್‌ಗೆ ಹೆಂಗಸರ ಉಚಿತ ಟಿಕೆಟ್ಟು ಹರಿದುಕೊಟ್ಟು, “ನಿಮ್ಮ ಹಕ್ಕಿಗಳಿಗೂ ಫ್ರೀನೇ,” ಎಂದ. ಅದು ಅವನ ಪ್ರತಿವಾರದ ತಮಾಷೆ. ಟೀಚರ್ ಪ್ರತಿವಾರವೂ ಮೊದಲ ಸಲ ಕೇಳಿದವರಂತೆ ನಗುತ್ತಿದ್ದರು.

ಹೀಗೆ ಮಳೆಗಾಲಗಳು, ಚಳಿಗಾಲಗಳು ಹೋದವು.

ಒಂದು ಸಂಜೆ ಟೀಚರ್ ಕನ್ನಡಕದ ಅಂಗಡಿಗೆ ಬಂದರು. ಯಜಮಾನರು ಹೊರಗೆ ಹೋಗಿದ್ದರು.

“ಗಾಜು ಬದಲಾಯಿಸಬೇಕೇನೋ ನೋಡು,” ಎಂದರು.

ತಿಪ್ಪೇಶ ಅವರನ್ನು ಒಳಗಿನ ಕತ್ತಲೆ ಕೋಣೆಯಲ್ಲಿ ಕೂರಿಸಿದ. ಎದುರು ಗೋಡೆಗೆ ಅಕ್ಷರಗಳ ಹಲಗೆ. ಒಂದು ಕಣ್ಣಿಗೆ ಮರೆ ಹಿಡಿದು, “ಕೆಳಗಿನ ಸಾಲು ಓದಿ ಟೀಚರ್,” ಎಂದ.

“ಗ, ದ, ರ, ಬ, ಸ, ನ.”

ಒಂದಕ್ಷರವೂ ತಪ್ಪಿರಲಿಲ್ಲ. ತಿಪ್ಪೇಶನ ಕೈ ಮಾತ್ರ ಇದ್ದಲ್ಲೇ ನಿಂತಿತು. ಹಲಗೆಯ ದೀಪವನ್ನು ಅವನಿನ್ನೂ ಹಾಕಿಯೇ ಇರಲಿಲ್ಲ.

ಅವನು ಕಣ್ಣಿನ ಮರೆ ತೆಗೆದ. ಹೊರಗೆ ರಸ್ತೆಯಲ್ಲಿ ಹೂ ಮಾರುವವಳ ಕೂಗು ಬಂತು, ಹೋಯಿತು.

“ಹೋದ ಸಲ ಬಂದಾಗ ಓದಿದ ಸಾಲನ್ನ ಯಾಕೆ ಬಾಯಿಪಾಠ ಮಾಡಿಕೊಂಡಿರಿ ಟೀಚರ್?”

“ಗೊತ್ತಾಯ್ತಾ?”

“ಹೂಂ.”

“ನಿನ್ನ ಮುಖ ಸಪ್ಪಗಾಗೋದು ಬೇಡ ಅಂತ.”

“ಆಸ್ಪತ್ರೆಗೆ ತೋರಿಸಿದ್ರಾ?”

“ತೋರಿಸಿದೆ. ಕಣ್ಣಿನ ನರ ಒಣಗ್ತಿದೆಯಂತೆ. ಹೋಗಿದ್ದು ವಾಪಸ್ ಬರಲ್ವಂತೆ. ಬೆಳಕು, ನೆರಳು, ಅಷ್ಟು ಉಳಿದಿದೆ. ಅದೂ ಎಷ್ಟು ದಿನವೋ.”

“ಹಾಗಾದರೆ ಗುಡ್ಡ?”

“ಅದು ಎಲ್ಲಿಗೂ ಹೋಗಿಲ್ಲವಲ್ಲ. ಭಾನುವಾರ ಸಿಗು.”

ಅಂದಿನಿಂದ ಟೀಚರ್ ತಿಪ್ಪೇಶನ ಚೀಲದ ಪಟ್ಟಿ ಹಿಡಿದು ನಡೆಯತೊಡಗಿದರು. ಮೊಣಕೈ ಹಿಡಿದುಕೊಳ್ಳಿ ಎಂದರೆ ಒಪ್ಪಲಿಲ್ಲ. “ಕೈ ಹಿಡಿದರೆ ನೀನು ನನ್ನ ನಡೆಸ್ತೀಯ. ಚೀಲ ಹಿಡಿದರೆ ನಾನೇ ನಡೀತೀನಿ,” ಎಂದರು.

ಬಸ್ಸಿನಲ್ಲಿ ಅವರು ಕಿಟಕಿಗೆ ಹಣೆಯಿಟ್ಟು ಕೂರುತ್ತಿದ್ದರು. ಊರು ಹಿಂದೆ ಸರಿದದ್ದು ಅವರಿಗೆ ಗಾಳಿಯಿಂದ ತಿಳಿಯುತ್ತಿತ್ತು. “ಕಬ್ಬಿನ ಗದ್ದೆ ಬಂತು,” ಎನ್ನುತ್ತಿದ್ದರು. ಬಂದಿರುತ್ತಿತ್ತು. “ಈಗ ಬಲಕ್ಕೆ ಕೆರೆ.” ಕೆರೆಯ ಮೇಲೆ ಮಂಜು ಹಾಸಿಕೊಂಡಿರುತ್ತಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ತಿಪ್ಪೇಶನ ಒಳ್ಳೆಯ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸು ಆ ಬಿಳುಪಿನೊಳಗೆ ತೇಲಿಕೊಂಡು ಹೋದಂತೆ ಹೋಗುತ್ತಿತ್ತು. ಇಬ್ಬರೂ ಅರ್ಧ ನಿದ್ದೆಯಲ್ಲಿರುತ್ತಿದ್ದರು.

ಗುಡ್ಡದ ಮಡಿಲಲ್ಲಿ ಒಂದು ತೊರೆ. ತೊರೆಯ ಪಕ್ಕ ಬಿದಿರುಮೆಳೆ. ಅದರೆದುರು ಒಂದು ಹಾಸುಗಲ್ಲು. ಟೀಚರ್ ಅಲ್ಲಿಗೆ ಬಂದರೆ ಮುಂದೆ ಹೋಗುತ್ತಿರಲಿಲ್ಲ.

“ಯಾಕೆ ಟೀಚರ್ ಇಲ್ಲೇ?” ಎಂದು ಅವನು ಒಂದು ದಿನ ಕೇಳಿದ.

“ಬಾಲದಂಡೆ ಅಂತ ಒಂದು ಹಕ್ಕಿ. ಚಳಿಗಾಲಕ್ಕೆ ಉತ್ತರದಿಂದ ಬರತ್ತೆ. ಎಳೆಯ ಗಂಡು ಕಂದು ಬಣ್ಣ. ಬಲಿತಮೇಲೆ ಬೆಳ್ಳಗಾಗತ್ತೆ. ತಲೆ ಮಾತ್ರ ಕಪ್ಪು. ಬಾಲದಲ್ಲಿ ಎರಡು ಉದ್ದನೆಯ ಪಟ್ಟಿ, ಗೇಣಿಗಿಂತ ಉದ್ದ. ಹಾರಿದರೆ ಹಕ್ಕಿ ಮುಂದೆ ಹೋಗಿಬಿಟ್ಟಿರತ್ತೆ, ಬಾಲ ಇನ್ನೂ ಹೋಗ್ತಾನೇ ಇರತ್ತೆ.”

“ನೀವು ನೋಡಿದೀರಾ?”

“ಒಂದೇ ಸಲ. ಈ ಬಿದಿರಲ್ಲೇ. ಆಗ ನಂಗೆ ನಿನ್ನ ವಯಸ್ಸು.” ಟೀಚರ್ ಬಿದಿರಿನ ಕಡೆ ಮುಖ ಮಾಡಿದರು. “ಬಿಳೀದು ಬಂದರೆ ಈಗಲೂ ಒಂದು ಗೆರೆಯ ಹಾಗಾದರೂ ಕಾಣಬಹುದೇನೋ ಅಂತ ಆಸೆ ಕಣೋ.”

ತಿಪ್ಪೇಶ ಅವರ ಮುಖ ನೋಡಿದ. ಅವರು ಆಸೆ ಎಂಬ ಮಾತು ಆಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಆ ವಾರವೆಲ್ಲ ಅವನು ಗಾಜು ಉಜ್ಜುವಾಗ ಬಿಳಿ ಪಟ್ಟಿಯೊಂದನ್ನೇ ನೆನೆದ. ಉಜ್ಜುಕಲ್ಲಿನ ಮೇಲೆ ನೀರು ಬಿಟ್ಟರೆ ಬೆಳ್ಳಗೆ ಹಾಲಿನಂಥ ನೀರು ಎಳೆಯಾಗಿ ಇಳಿಯುತ್ತಿತ್ತು. ಅದನ್ನು ನೋಡುತ್ತ ಕೈ ನಿಂತುಬಿಡುತ್ತಿತ್ತು.

ಭಾನುವಾರ ಬಿದಿರಿನೆದುರು ಕೂತರು. ಬೆಳಗು ಹೋಯಿತು. ಏನೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮರುವಾರ ಹೊರಡುವ ಹೊತ್ತಿಗೆ ಟೀಚರ್, “ಕಲ್ಲಿಗೆ ಕೈಯೂರಿಕೊಂಡು ಏಳೋದೂ ಕಷ್ಟ ಆಗ್ತಿದೆ. ಇದೇ ಕೊನೆ ಚಳಿಗಾಲ ಅನ್ನಿಸತ್ತೆ,” ಎಂದರು. ಸುಮ್ಮನೆ ಹೇಳಿದ ಮಾತು, ಮಳೆ ಬರಬಹುದು ಅಂದ ಹಾಗೆ.

ತಿಪ್ಪೇಶ ಬಿದಿರಿನ ಕಡೆ ತಿರುಗಿದ.

“ಟೀಚರ್!” ಎಂದ ಪಿಸುದನಿಯಲ್ಲಿ. “ಅಲ್ಲಾಡಬೇಡಿ. ಬಂತು.”

“ಏನು?”

“ಬಿಳೀದು.”

ಕೊಂಬೆ ಖಾಲಿ ಇತ್ತು.

ಟೀಚರ್ ಉಸಿರು ಬಿಗಿಹಿಡಿದರು. ಅವರ ಕಣ್ಣು ಬಿದಿರಿನ ಮೇಲೆಲ್ಲ ಅಲೆಯಿತು. “ಎಲ್ಲಿ?”

“ಎಡಗಡೆ. ನೀರಿನ ಮೇಲೆ ಬಾಗಿದ ಕೊಂಬೆ. ನೆರಳಲ್ಲಿದೆ.”

“ಹೇಳು. ಹೇಗಿದೆ?”

ಅವನು ಹೇಳಿದ. ತಲೆ ಶಾಯಿಯಲ್ಲಿ ಅದ್ದಿದ ಹಾಗೆ. ಮೈ ಒಗೆದು ಒಣಗಿಸಿದ ಪಂಚೆಯ ಹಾಗೆ. ಬಾಲದ ಪಟ್ಟಿಗಳು ಗಾಳಿಯಲ್ಲಿ ಒಂದನ್ನೊಂದು ಮುಟ್ಟಿ ಮುಟ್ಟಿ ಬಿಡುತ್ತಿವೆ. ಮಾತು ತಾನಾಗಿ ಬಂತು. ಹೇಳುತ್ತ ಹೇಳುತ್ತ ಅವನಿಗೂ ಕೊಂಬೆಯ ಮೇಲೆ ಏನೋ ಬೆಳ್ಳಗೆ ಕಂಡಂತಾಯಿತು.

“ಹೋಯ್ತು,” ಎಂದ ಕೊನೆಗೆ.

ಟೀಚರ್ ಊಟದ ಚೀಲ ಹತ್ತಿರಕ್ಕೆಳೆದುಕೊಂಡರು. ಡಬ್ಬಿ ತೆಗೆದು, ಉಳಿದ ಒಂದೇ ಒಬ್ಬಟ್ಟನ್ನು ಎರಡು ಮಾಡಿ, ದೊಡ್ಡ ತುಂಡು ಅವನಿಗೆ ಕೊಟ್ಟರು. ಬಸ್ಸಿನಲ್ಲಿ ಅವನ ಭುಜಕ್ಕೆ ಒರಗಿ ನಿದ್ದೆ ಹೋದರು. ನಿದ್ದೆಯಲ್ಲೂ ಅವರ ಮುಖ ಅರಳಿಕೊಂಡಿತ್ತು. ಕಂಡಕ್ಟರ್ ಬಂದು, “ಏನು, ಟೀಚರ್ ಇವತ್ತು ಬಹಳ ಖುಷಿಯಾಗಿದಾರೆ?” ಎಂದ. ತಿಪ್ಪೇಶ ಹೌದೆಂದು ತಲೆಯಾಡಿಸಿದ.

ಅದು ಅಲ್ಲಿಗೇ ನಿಲ್ಲಲಿಲ್ಲ.

“ಇವತ್ತೂ ಬರತ್ತಾ?” ಎಂದು ಟೀಚರ್ ಮರುವಾರ ಕೇಳಿದರು. ಬಾರದೆ ಇರಲು ಆಗುತ್ತಿತ್ತೇ? ಬಂತು. ಆ ವಾರ ನೀರಿಗಿಳಿದು ಮಿಂದಿತು. ಮುಂದಿನ ವಾರ ಜೋಡಿ ಬಂತು. ಆಮೇಲೊಂದು ವಾರ ಬಿಳಿಯ ಹಕ್ಕಿಗಳ ಒಂದು ಸಂಸಾರವೇ ಬಿದಿರಿನಿಂದ ಬಿದಿರಿಗೆ ಹಾರಿತು. ಬಿದಿರುಮೆಳೆಗೆ ಮದುವೆಮನೆಯ ಕಳೆ ಬಂದಿದೆ ಎಂದು ತಿಪ್ಪೇಶ ವರ್ಣಿಸಿದ.

ಟೀಚರ್ ಕೇಳುತ್ತ ಕೂತಿರುತ್ತಿದ್ದರು. ನಡುನಡುವೆ ಕತ್ತು ಓರೆ ಮಾಡುತ್ತಿದ್ದರು, ಅವನ ಮಾತಿನ ಆಚೆಗೆ ಏನನ್ನೋ ಆಲಿಸುವವರ ಹಾಗೆ. ಆಮೇಲೆ ಮತ್ತೆ ಅವನ ಮಾತಿಗೇ ಮರಳುತ್ತಿದ್ದರು.

ತಿಪ್ಪೇಶನಿಗೆ ಕನಸಿನಲ್ಲೂ ಅವೇ ಹಕ್ಕಿಗಳು. ಅಂಗಡಿಯ ಕನ್ನಡಿಗಳಲ್ಲೂ ಅವೇ. ಶನಿವಾರ ಮಲಗುವ ಮುನ್ನ ನಾಳೆ ಏನು ತೋರಿಸಲಿ ಎಂದು ಯೋಚಿಸುತ್ತಿದ್ದ. ಗುಡ್ಡದ ಮೇಲೆ ನಿಜವಾಗಿ ಏನಿದೆ ಎಂದು ನೋಡುವುದಕ್ಕೆ ಅವನಿಗೆ ಪುರಸೊತ್ತೇ ಇರಲಿಲ್ಲ.

ಚಳಿಗಾಲ ಮುಗಿಯುತ್ತ ಬಂದಾಗ ಒಂದು ರಾತ್ರಿ ಅಕಾಲದ ಮಳೆ ಸುರಿಯಿತು. ಮರುದಿನ ಭಾನುವಾರ. ಕಾಲುದಾರಿಯ ಒಂದು ಕಡೆ ಮಣ್ಣು ಜರಿದು ಅಂಚು ಕಿತ್ತುಹೋಗಿತ್ತು. ದಾಟಬಹುದಿತ್ತು, ಆದರೆ ನೋಡಿ ದಾಟಬೇಕಿತ್ತು.

“ಮಣ್ಣಿನ ವಾಸನೆ ಬರ್ತಿದೆ,” ಎಂದರು ಟೀಚರ್. “ಮುಂದೆ ದಾರಿ ಹೇಗಿದೆ?”

ನಿಜ ಹೇಳಿದರೆ ಅವರು ಹಿಂದಿರುಗಿಬಿಡುತ್ತಾರೆ ಎನಿಸಿತು ತಿಪ್ಪೇಶನಿಗೆ. ಇವತ್ತಿಗೆಂದು ಅವನು ಬಹಳ ಚೆಂದದ ಹಕ್ಕಿಯೊಂದನ್ನು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ.

“ಚೆನ್ನಾಗಿದೆ ಟೀಚರ್. ಬನ್ನಿ,” ಎಂದ.

ಟೀಚರ್ ನಂಬಿ ಹೆಜ್ಜೆಯಿಟ್ಟರು.

ಚೀಲದ ಪಟ್ಟಿ ಒಮ್ಮೆ ಜಗ್ಗಿತು, ಆಮೇಲೆ ಸಡಿಲವಾಯಿತು. ತಿಪ್ಪೇಶ ತಿರುಗಿ ನೋಡುವಷ್ಟರಲ್ಲಿ ಟೀಚರ್ ಇಳಿಜಾರಿನಲ್ಲಿ ಜಾರಿ, ಕೆಳಗಿನ ಲಂಟಾನದ ಪೊದೆಗೆ ಸಿಕ್ಕಿಕೊಂಡಿದ್ದರು. ಅವರು ಈಗಲೂ ರೂಢಿಗೆ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ ದುರ್ಬೀನು ಕಲ್ಲಿಗೆ ಬಡಿದು ಟಣ್ಣೆಂದಿತು. ಆ ಪೊದೆಯೊಂದು ಇರದಿದ್ದರೆ ಕೆಳಗಿನ ಬಂಡೆಗಳ ಮೇಲೆ ಬೀಳುತ್ತಿದ್ದರು.

ಅವನು ಕೂತು, ತೆವಳಿ, ಕೆಳಗಿಳಿದು ಅವರನ್ನು ಹಿಡಿದ. ಅವರ ಕೈಯೆಲ್ಲ ಮುಳ್ಳು ತರಚಿತ್ತು. ಪಾದ ಉಳುಕಿತ್ತು.

“ಟೀಚರ್, ಟೀಚರ್,” ಎಂದು ಅವನು ಕೂಗುತ್ತಲೇ ಇದ್ದ.

“ಇಲ್ಲೇ ಇದೀನಿ. ಕೂಗಬೇಡ.”

ಅವನು ಅವರನ್ನು ಬೆನ್ನಿಗೆ ಹಾಕಿಕೊಂಡು ಮೇಲೆ ತಂದ. ಟೀಚರ್ ಹಗುರವಿದ್ದರು, ಒಣಗಿದ ಬಟ್ಟೆಯ ಗಂಟಿನಷ್ಟು ಹಗುರ. ಅಲ್ಲಿಂದ ಹಾಸುಗಲ್ಲು ಹತ್ತಿರವಿತ್ತು. ಅಲ್ಲಿ ಕೂರಿಸಿ, ತೊರೆಯ ನೀರಿನಲ್ಲಿ ತನ್ನ ಟವೆಲು ಅದ್ದಿ ಅವರ ಕಾಲಿಗೆ ಸುತ್ತಿದ.

“ದಾರಿ ಕುಸಿದಿತ್ತು ಟೀಚರ್. ನಂಗೆ ಗೊತ್ತಿತ್ತು.”

“ಹೂಂ.”

“ಇನ್ನೂ ಒಂದಿದೆ.” ಅವನು ತಲೆ ಎತ್ತಲಿಲ್ಲ. “ಬಿಳಿ ಹಕ್ಕಿ ಯಾವತ್ತೂ ಬರಲಿಲ್ಲ. ಒಂದು ಸಲವೂ ಬರಲಿಲ್ಲ.”

“ಅದು ನಂಗೆ ಗೊತ್ತಿತ್ತು.”

ತಿಪ್ಪೇಶ ತಲೆಯೆತ್ತಿದ.

“ಯಾವಾಗಿಂದ?”

“ಮೊದಲನೇ ದಿನದಿಂದ. ಬಾಲದಂಡೆ ಅಷ್ಟು ಹೊತ್ತು ಒಂದೇ ಕಡೆ ಕೂರಲ್ಲ ಕಣೋ. ನಿನ್ನದು ಫೋಟೋ ತೆಗೆಸಿಕೊಳ್ಳೋ ಹಾಗೆ ಕೂತಿತ್ತು.”

“ಮತ್ತೆ ಯಾಕೆ ಬೈಯಲಿಲ್ಲ? ಪ್ರತಿವಾರ ಕೇಳ್ತಿದ್ರಲ್ಲ!”

ಟೀಚರ್ ತಮ್ಮ ತರಚಿದ ಕೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡರು.

“ಚೆನ್ನಾಗಿ ಹೇಳ್ತಿದ್ದೆ. ಕೇಳ್ತಾ ಕೇಳ್ತಾ ಎಲ್ಲಾ ಕಾಣೋದು. ಇನ್ನೊಂದು ವಾರ ಕೇಳೋಣ, ಇನ್ನೊಂದು ವಾರ, ಅಂದುಕೊಂಡೆ. ನಿಂದು ಮಾತ್ರ ತಪ್ಪು ಅಂದುಕೋಬೇಡ. ನೀನು ಬಡಿಸಿದೆ, ನಾನು ತಟ್ಟೆ ಒಡ್ಡಿದೆ.”

ತಿಪ್ಪೇಶ ಕಾಲಿಗೆ ಸುತ್ತಿದ ಟವೆಲಿನ ತುದಿಯನ್ನು ಸಿಕ್ಕಿಸಿದ. ಪಕ್ಕದಲ್ಲಿ ತೊರೆ ಹರಿಯುತ್ತಿತ್ತು.

“ನಾನಿನ್ನು ಬರಲ್ಲ ಟೀಚರ್,” ಎಂದ ತಿಪ್ಪೇಶ. “ನನ್ನ ಕಣ್ಣನ್ನ ನಂಬಿ ನೀವು ಕಾಲಿಟ್ರಿ. ನಾನು ಅದಕ್ಕೆ ಯೋಗ್ಯನಲ್ಲ.”

“ಕೆಳಗಿಳಿಯೋವರೆಗೂ ಯೋಗ್ಯನಾಗಿರು. ಆಮೇಲೆ ನೋಡೋಣ. ಈಗ ನನ್ನ ಕಾಲು ನೋಯ್ತಿದೆ, ಏಳಲಾರೆ. ಆ ನಿನ್ನ ಕೊಂಬೆ ಇದೆಯಲ್ಲ, ನೀರಿನ ಮೇಲೆ ಬಾಗಿದ್ದು?”

“ಇದೆ.”

“ಅದರ ಮೇಲೆ ಏನಿದೆ?”

“ಏನೂ ಇಲ್ಲ.”

“ಆ ಏನೂ ಇಲ್ಲದ್ದನ್ನೇ ಹೇಳು.”

“ಖಾಲಿ ಕೊಂಬೆಯಲ್ಲಿ ಹೇಳೋಕೇನಿದೆ ಟೀಚರ್?”

“ನಂಗೇನು ಗೊತ್ತು? ಕಣ್ಣಿರೋನು ನೀನು.”

ತಿಪ್ಪೇಶ ಕೊಂಬೆಯನ್ನು ನೋಡಿದ. ಇಷ್ಟು ವಾರ ಆ ಕೊಂಬೆಯ ಮೇಲೆ ಏನೆಲ್ಲ ಕೂರಿಸಿದ್ದ, ಕೊಂಬೆಯನ್ನೇ ಸರಿಯಾಗಿ ನೋಡಿರಲಿಲ್ಲ.

“ಕೊಂಬೆ ಬಿದಿರಿನದಲ್ಲ,” ಎಂದ ಆಶ್ಚರ್ಯದಿಂದ. “ಬಿದಿರಿನ ಹಿಂದೆ ಹೊಂಗೆಮರ ಇದೆ. ಅದರದ್ದು.”

“ಆಮೇಲೆ?”

“ತುದೀಲಿ ಒಡೆದಿದೆ. ಒಡೆದ ಕಡೆ ಒಂದು ಚಿಗುರು. ಎಲೆ ಇನ್ನೂ ಬಿಚ್ಚಿಕೊಂಡಿಲ್ಲ.”

“ಯಾವ ಬಣ್ಣ?”

“ಹಸಿರಲ್ಲ. ಹಸಿರಾಗೋಕೆ ಮುಂಚಿನ ಬಣ್ಣ.” ಅವನು ಮತ್ತೆ ನೋಡಿದ. “ಕೊಂಬೆಯ ಅಡಿಗೆ ರಾತ್ರಿಯ ಮಳೆಹನಿ ಸಾಲಾಗಿ ನೇತುಬಿದ್ದಿವೆ. ಒಂದೊಂದೇ ಬೀಳ್ತಿವೆ. ಹನಿ ಬಿದ್ದ ತಕ್ಷಣ ಕೊಂಬೆ ಒಂದು ಕೂದಲೆಳೆಯಷ್ಟು ಮೇಲೆ ಏಳತ್ತೆ.”

“ಏಳತ್ತಾ?”

“ಏಳತ್ತೆ ಟೀಚರ್. ಈಗ ಎದ್ದಿತು.”

ಟೀಚರ್ ಕಣ್ಣು ಮುಚ್ಚಿಕೊಂಡು ಕೇಳಿದರು. ಅವನು ಹೇಳುತ್ತ ಹೋದ. ಇರುವೆಯೊಂದು ಕೊಂಬೆಯ ತುದಿಯವರೆಗೆ ಬಂದು, ಯೋಚಿಸಿ, ಹಿಂದಿರುಗಿತು. ಮೋಡ ಸರಿದು ನೀರಿನ ಬೆಳಕು ಕೊಂಬೆಯ ಕೆಳಮೈ ಮೇಲೆ ಓಡಾಡಿತು. ಜೇಡನ ಒಂದೇ ಎಳೆ ಕೊಂಬೆಗೂ ಬಿದಿರಿಗೂ ನಡುವೆ ಕಂಡು, ಮಾಯವಾಗಿ, ಮತ್ತೆ ಕಂಡಿತು. ಹೇಳಲು ಗೊತ್ತಾಗದಿದ್ದಲ್ಲಿ ಅವನು ಸುಮ್ಮನಾಗುತ್ತಿದ್ದ. ಟೀಚರ್ ಕಾಯುತ್ತಿದ್ದರು. ಬಿಸಿಲು ಹತ್ತಿತು, ಇಳಿಯಿತು. ಹೊತ್ತು ಎಷ್ಟಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಒಮ್ಮೆ ಅವನು ಮಾತು ಅರ್ಧಕ್ಕೇ ನಿಲ್ಲಿಸಿದ.

“ಏನಾಯ್ತು?”

“ಒಂದು ಹಕ್ಕಿ ಬಂದು ಕೂತಿದೆ. ನಿಜವಾಗಿ.”

“ಹೇಳು.”

“ಬಿಳೀದಲ್ಲ ಟೀಚರ್.” ಅವನು ಮುಂದೆ ಬಾಗಿ ನೋಡಿದ. “ಬೆನ್ನು ಇಟ್ಟಿಗೆ ಬಣ್ಣ. ಎದೆ ಬೂದಿ. ಬಾಲ ಗಿಡ್ಡ, ಪಟ್ಟಿ ಏನೂ ಇಲ್ಲ. ತಲೆ ಕಪ್ಪು. ನೆತ್ತಿ ಮೇಲೆ ಸಣ್ಣ ಜುಟ್ಟು.”

“ಕಣ್ಣು?”

ಆ ಪ್ರಶ್ನೆಗೆ ಉತ್ತರ ಹೇಳಲು ಕನ್ನಡಕದ ಅಂಗಡಿಯವನಿಗಿಂತ ಬೇರೆ ಯಾರು ಬೇಕು?

“ಕಣ್ಣಿನ ಸುತ್ತ ನೀಲಿ ಗೆರೆ. ತೆಳ್ಳಗಿನ ಫ್ರೇಮು ಹಾಕಿದ ಹಾಗೆ.”

“ಹಾರಿತಾ?”

“ನೀರಿಗೆ ಬಿತ್ತು. ಇಲ್ಲ, ಎದ್ದಿತು. ಮತ್ತೆ ಬಿತ್ತು. ಮೀಯ್ತಿದೆ.”

ಟಪ್ ಎಂದು ನೀರಿನ ಸಣ್ಣ ಸದ್ದು ಟೀಚರ್‌ಗೂ ಕೇಳಿಸಿತು. ಹಕ್ಕಿ ಕೊಂಬೆಗೆ ಮರಳಿ, ಮೈ ಕೊಡವಿ, ಜ್ರೇ ಎಂದು ಒರಟಾಗಿ ಕೂಗಿತು.

ಟೀಚರ್ ಮುಖ ಆ ಕಡೆ ತಿರುಗಿತು. ಅವರು ಅಲ್ಲಾಡಲಿಲ್ಲ. ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಅದೇ ಕಣೋ,” ಎಂದರು. “ಬಾಲದಂಡೆ. ಹೆಣ್ಣೋ, ಎಳೆಗಂಡೋ.”

“ಇದಾ?”

“ಇದೇ. ಒಂದೆರಡು ಸಲ ಈ ದನಿ ಕೇಳಿದ ಹಾಗಾಗಿತ್ತು. ನೀನು ಮಾತಾಡ್ತಾನೇ ಇದ್ದೆ, ನಂಗೆ ಖಾತ್ರಿಯಾಗಲಿಲ್ಲ.”

ತಿಪ್ಪೇಶ ಹಕ್ಕಿಯನ್ನು ನೋಡಿದ. ಹಕ್ಕಿ ಅವನನ್ನು ನೋಡಿತು, ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

“ಎಷ್ಟು ದಿನದಿಂದ ಇಲ್ಲಿತ್ತೋ ಟೀಚರ್?”

“ಎಷ್ಟು ದಿನದಿಂದ ನೀನು ಬಿಳೀದನ್ನ ನೋಡ್ತಿದ್ದೆಯೋ, ಅಷ್ಟು ದಿನದಿಂದ.”

ಹಕ್ಕಿ ಹಾರಿಹೋಯಿತು. ಹೋಯಿತೆಂದು ಅವನು ಹೇಳಿದ. ಎಲ್ಲಿಗೆ ಹೋಯಿತೆಂದು ಗೊತ್ತಾಗಲಿಲ್ಲ ಎಂಬುದನ್ನೂ ಹೇಳಿದ.

ಸಂಜೆ ಅವನು ಅವರನ್ನು ಇಳಿಸಿಕೊಂಡು ಬಂದ. ಸ್ವಲ್ಪ ದೂರ ಬೆನ್ನ ಮೇಲೆ. ಸ್ವಲ್ಪ ದೂರ ಭುಜ ಹಿಡಿದು.

“ಇಲ್ಲಿ ಕಲ್ಲು ಅಲುಗತ್ತೆ ಟೀಚರ್.”

“ಹೂಂ.”

“ಇಲ್ಲಿ ಬೇರು, ಎಡಗಾಲು ಎತ್ತಿಡಿ. ಇಲ್ಲಿಂದ ಮುಂದೆ ದಾರಿ ನಂಗೂ ಸರಿಯಾಗಿ ಕಾಣ್ತಿಲ್ಲ, ನಿಲ್ಲಿ. ನಾನು ನೋಡಿ ಬರ್ತೀನಿ.”

ಅವನು ಹೋಗಿ, ಮಣ್ಣು ಜರಿದ ಕಡೆ ಕಾಲಿನಿಂದ ಒತ್ತಿ ನೋಡಿ ಬಂದ. ಟೀಚರ್ ನಿಂತಲ್ಲೇ ನಿಂತಿದ್ದರು, ಒಬ್ಬರೇ, ಬಯಲ ಕಡೆ ಮುಖ ಮಾಡಿಕೊಂಡು. ಅವರ ಕೂದಲ ಮೇಲೆ ಲಂಟಾನದ ಹೂವಿನ ಎಸಳು ಅಂಟಿಕೊಂಡಿತ್ತು. ಅವನು ಅದನ್ನು ತೆಗೆಯಲಿಲ್ಲ.

ಹುಣಸೆಮರದಡಿ ಬಸ್ಸು ಹೊರಡಲು ಗುಟುರು ಹಾಕುತ್ತಿತ್ತು. ದೂರದಿಂದಲೇ ಇವರನ್ನು ಕಂಡ ಕಂಡಕ್ಟರ್ ಡ್ರೈವರಿಗೆ ಕೈತೋರಿಸಿ ಬಸ್ಸು ನಿಲ್ಲಿಸಿ, ಓಡಿಬಂದ.

“ಅಯ್ಯೋ, ಟೀಚರ್‌ಗೆ ಏನಾಯ್ತು?”

“ಬಿದ್ದೆ,” ಎಂದರು ಟೀಚರ್.

“ನಾನು ಬೀಳಿಸಿದೆ,” ಎಂದ ತಿಪ್ಪೇಶ.

ಕಂಡಕ್ಟರ್ ಒಮ್ಮೆ ಇವರನ್ನು, ಒಮ್ಮೆ ಅವನನ್ನು ನೋಡಿದ. ಏನೂ ಕೇಳದೆ ಟೀಚರ್ ಅವರ ಇನ್ನೊಂದು ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಮುಂದಿನ ಸೀಟಿನಲ್ಲಿದ್ದ ಸೊಪ್ಪಿನ ಹೆಂಗಸು ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಬಸ್ಸು ಹೊರಟಿತು.

ಕೆರೆಯ ಮೇಲೆ ಸಂಜೆ ಬಿದ್ದಿತ್ತು. ಬಸ್ಸಿನೊಳಗೆಲ್ಲ ಕೊತ್ತಂಬರಿಯ ವಾಸನೆ. ಕಿಟಕಿಯ ಗಾಜಿನಲ್ಲಿ ಟೀಚರ್ ಮುಖ, ಅದರೊಳಗೆ ಹಾಯ್ದುಹೋಗುವ ಗದ್ದೆಗಳು, ಗದ್ದೆಗಳ ಮೇಲೆ ಗೂಡಿಗೆ ಮರಳುವ ಕೊಕ್ಕರೆಗಳು. ಯಾವುದು ಹೊರಗೆ, ಯಾವುದು ಗಾಜಿನಲ್ಲಿ ಎಂದು ತಿಪ್ಪೇಶ ನೋಡುತ್ತ ಕೂತ. ದಾರಿಯಲ್ಲಿ ಎಲ್ಲಿ ಇಳಿದು ಡಾಕ್ಟರಿಗೆ ಕಾಲು ತೋರಿಸಬೇಕೆಂದು ಕಂಡಕ್ಟರ್ ಹೇಳಿಹೋದ. ಟೀಚರ್ ಸರಿ ಎಂದರು.

ಊರಿನ ದೀಪಗಳು ಕಾಣತೊಡಗಿದಾಗ ತಿಪ್ಪೇಶ ಕೇಳಿದ.

“ಕಾಲು ವಾಸಿಯಾದಮೇಲೆ ಮತ್ತೆ ಬರ್ತೀರಾ ಟೀಚರ್? ನನ್ನ ಜೊತೆ?”

“ಬರ್ತೀನಿ.”

“ಬಿಳೀದು ಬರದೇ ಇದ್ದರೆ?”

ಟೀಚರ್ ಕಿಟಕಿಯಿಂದ ಹಣೆ ತೆಗೆದು ಅವನ ಕಡೆ ತಿರುಗಿದರು.

“ಬರಲಿಲ್ಲ ಅಂತ ಹೇಳು. ಅದನ್ನ ಕೇಳೋಕೇ ಬರ್ತೀನಿ.”